ಅಪ್ಪನ ಕೈಗೆ ಸಿಕ್ಕ ನಾಬು

"ಅವ್ವಾ, ಮುತ್ಯಾನ ಕೈಯಾಗ ಫೋನ್ ಕೊಡಬ್ಯಾಡ, ಗಾಡಿ ಕೆಳಗ ಬೀಳತೈತಿ!" ಎಂದು ಮಗ ಕೂಗುವಷ್ಟರಲ್ಲಿ ಪುಟ್ಟ ಇಂಜಿನ್ ಮೇಜಿನ ಅಂಚು ದಾಟಿ ನೆಲಕ್ಕೆ ಬಿದ್ದಿತ್ತು. ಅಪ್ಪ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಇನ್ನ ನನ್ನ ಕೈಯಾಗ ಏನೂ ಕೊಡಬ್ಯಾಡ್ರಿ" ಎಂದು ತಮ್ಮ ಕೋಣೆಗೆ ಹೋದರು. ಆ ರಾತ್ರಿ ಊಟಕ್ಕೂ ಬರಲಿಲ್ಲ.

ಅಪ್ಪ ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗದಗ–ಹೊಟಗಿ ಮೀಟರ್ ಗೇಜ್ ಹಾದಿಯಲ್ಲಿ ಉಗಿಬಂಡಿ ಓಡಿಸಿದ್ದರು. ಈಗ ಹಾದಿ ಬ್ರಾಡ್ ಗೇಜ್ ಆಗಿದೆ, ಅಪ್ಪನಿಗೆ ಗ್ಲಾಕೋಮಾ. ಅವ್ವ ತೀರಿಕೊಂಡ ಮೇಲೆ ಮಾತೂ ಕಡಿಮೆ. ಪಿಯುಸಿ ಓದುವ ಮಗ ಮಾಳಿಗೆ ಕೋಣೆಯಲ್ಲಿ ರೈಲು ಕಟ್ಟತೊಡಗಿದಾಗಲೇ ಅವರು ಮತ್ತೆ ಮೆಟ್ಟಿಲು ಹತ್ತಿದ್ದು.

ಇದು ಜಾತ್ರೆಯ ಆಟಿಗೆ ರೈಲಲ್ಲ. ನಿಜವಾದ ರೈಲಿನ 87ನೇ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಮಗ ಮೇಜಿನ ಮೇಲೆ ಎರಡು ಸ್ಟೇಷನ್ ಮಾಡಿ ತಿಕೋಟಾ, ಬಬಲೇಶ್ವರ ಎಂದು ಬೋರ್ಡ್ ಬರೆದ. "ಆ ಊರಿಗೆ ರೈಲು ಇಲ್ಲಲ್ಲೋ" ಎಂದೆ. "ಅದಕ್ಕೇ ಅವ್ವಾ, ಮೇಜಿನ ಮ್ಯಾಲರ ಬರಲಿ" ಎಂದ.

ಹಳೆ ಪದ್ಧತಿಯಲ್ಲಿ ಹಳಿಗೆ ಹೆಚ್ಚು ಕರೆಂಟ್ ಬಿಟ್ಟರೆ ಗಾಡಿ ಜೋರು, ಕಡಿಮೆ ಮಾಡಿದರೆ ನಿಧಾನ. ಒಂದೇ ಹಳಿಯ ಮೇಲೆ ಎರಡು ಇಂಜಿನ್ ಇಟ್ಟರೆ ಎರಡೂ ಓಡುತ್ತವೆ. ಡಿಜಿಟಲ್ ಪದ್ಧತಿ, ಅಂದರೆ ಡಿಸಿಸಿಯಲ್ಲಿ ಹಳಿಯಲ್ಲಿ ಕರೆಂಟ್ ಸದಾ ಪೂರ್ತಿ ಇರುತ್ತದೆ, ಅಪ್ಪಣೆಯೂ ಅದರಲ್ಲೇ ಹೋಗುತ್ತದೆ. ಪ್ರತಿ ಇಂಜಿನ್ನಿನೊಳಗೆ ಡಿಕೋಡರ್ ಎಂಬ ಚಿಪ್, ಅದಕ್ಕೊಂದು ನಂಬರು. ನಾನು ಬಬಲೇಶ್ವರದಲ್ಲಿ ಶಿಕ್ಷಕಿ, ನನಗೆ ಅದು ಹಾಜರಿ ಕೂಗಿದ ಹಾಗೆ ಅನಿಸಿತು. 12 ಎಂದರೆ 12ನೇ ಹುಡುಗನೇ ಏಳಬೇಕು. ಹೊಸ ಡಿಕೋಡರ್‌ಗಳು ಸಾಮಾನ್ಯವಾಗಿ 3ನೇ ನಂಬರಿನಲ್ಲೇ ಬರುತ್ತವೆ. ಅದನ್ನು ಬದಲಿಸದೆ ಮೊದಲ ದಿನ ನಮ್ಮ ಎರಡೂ ಇಂಜಿನ್ ಒಟ್ಟಿಗೇ ಹೊರಟಿದ್ದವು.

ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೆ ಒಂದು ಮಾನದಂಡ ಮಾಡಿದ್ದರಿಂದ ಒಂದು ಕಂಪನಿಯ ಇಂಜಿನ್ನು ಇನ್ನೊಂದು ಕಂಪನಿಯ ಪೆಟ್ಟಿಗೆಯ ಮಾತು ಕೇಳುತ್ತದೆ. ಆದರೆ ವಿದೇಶಿ ಪೆಟ್ಟಿಗೆಯ ಬೆಲೆ ನೋಡಿ ನನ್ನ ಪಗಾರ ಹೆದರಿತು. ಮಗ ಆರ್ಡುಯಿನೋ ಬೋರ್ಡಿನ ಮೇಲೆ ಡಿಸಿಸಿ-ಇಎಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದ. ವೈಫೈ ಜೋಡಿಸಿದ ಮೇಲೆ ಎಂಜಿನ್ ಡ್ರೈವರ್ ಎಂಬ ಆ್ಯಪ್ ಇರುವ ಫೋನೇ ಥ್ರಾಟಲ್ ಆಯಿತು. ಖರ್ಚು ಕಡಿಮೆ, ವೈರಿನ ಗೊಡವೆ ಇಲ್ಲ ಎಂದು ಹಿಗ್ಗಿದೆವು. ಗಾಜಿನ ಮೇಲೆ ಬೆರಳಿಗೆ ಏನೂ ತಿಳಿಯುವುದಿಲ್ಲ ಎಂಬುದು ಇಂಜಿನ್ ಬಿದ್ದ ಮೇಲೆಯೇ ಹೊಳೆದದ್ದು.

ಮರುವಾರ ಅಪ್ಪನನ್ನು ತಿಕೋಟಾಕ್ಕೆ, ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಮಾವ ದ್ರಾಕ್ಷಿ ತೋಟದಲ್ಲಿ ನಿಂತು ಫೋನಿನಿಂದಲೇ ಬೋರ್‌ವೆಲ್ ಮೋಟಾರು ಚಾಲೂ ಮಾಡಿ ತೋರಿಸಿದರು. ಅಪ್ಪ ಕೇಳಿದರು, "ಫೋನ್ ಸತ್ತರ?"

"ಶೆಡ್ಡಿನಾಗ ಕೆಂಪು ಬಟನ್ ಐತ್ರಿ. ನೀರು ನಿಂತರ ಮೋಟಾರ್ ತಾನ ಬಂದ್ ಆಗತೈತಿ."

ಅಪ್ಪ ಪೆಟ್ಟಿಗೆಯ ಬಾಗಿಲು ತೆಗೆಸಿ ಬಟನ್ನನ್ನು ಕೈಯಿಂದ ಮುಟ್ಟಿ ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ತಾವಾಗಿಯೇ ಅಂದರು, "ಮೊದಲ ನಿಲ್ಲಸೂದು ಗೊತ್ತಿರಬೇಕವಾ, ಓಡಸೂದು ಆಮ್ಯಾಲ."

ಮನೆಗೆ ಬಂದು ಮೊಮ್ಮಗನನ್ನು ಕೂರಿಸಿಕೊಂಡು ಪರೀಕ್ಷೆ ಶುರು ಮಾಡಿದರು. ಓಡುವ ಗಾಡಿ, ಫೋನ್ ಬಂದ್. ಸಂಪರ್ಕ ತಪ್ಪಿದ್ದು ತಿಳಿದು ಗಾಡಿ ತಾನೇ ನಿಂತಿತು, ಆದರೆ ಕೆಲವು ಸೆಕೆಂಡು ಬಿಟ್ಟು. "ಇಷ್ಟೊತ್ತಿಗೆ ಎತ್ತು ಗಾಲಿ ಕೆಳಗ ಹೋಗಿರತಿತ್ತು" ಎಂದರು ಅಪ್ಪ. ಹಳಿಯ ಕರೆಂಟನ್ನೇ ಕಡಿಯುವ ಕೆಂಪು ಬಟನ್ ಮೇಜಿಗೆ ಬಂತು. ಅಂಚಿಗೆ ಕಟ್ಟಿಗೆ ಪಟ್ಟಿ ಹೊಡೆದೆವು.

ಆಮೇಲೆ ಕೈಯಲ್ಲಿ ಹಿಡಿಯುವ ವೈಫೈ ಥ್ರಾಟಲ್. ಇಎಸ್‌ಪಿ32 ಎಂಬ ಸಣ್ಣ ಬೋರ್ಡು, ಒಂದು ನಾಬು, ಊಟದ ಹಳೆ ಪ್ಲಾಸ್ಟಿಕ್ ಡಬ್ಬಿ. ಮಗ ಮೊದಲು ಹಾಕಿದ್ದು ಕೊನೆಯಿಲ್ಲದೆ ಸುತ್ತುವ ನಾಬು. ಅಪ್ಪ ತಿರುಗಿಸಿ, ತಲೆ ಅಲ್ಲಾಡಿಸಿದರು. "ಸೊನ್ನಿ ಎಲ್ಲೈತಿ ಅಂತ ಕೈಗೆ ತಿಳೀಬೇಕಪಾ. ಕತ್ತಲದಾಗೂ ರೆಗ್ಯುಲೇಟರ್ ಎಲ್ಲೈತಿ ಅಂತ ನಮಗ ಗೊತ್ತಿರತಿತ್ತು." ಹಳೆ ರೇಡಿಯೊದ ವಾಲ್ಯೂಮಿನಂತೆ ಎರಡೂ ಕಡೆ ತಡೆದು ನಿಲ್ಲುವ ನಾಬು ಹಾಕಿದ ಮೇಲೆ ಒಪ್ಪಿದರು. ಹಿಂದೆ-ಮುಂದೆ ಹೋಗಲು ಬೇರೆ ಸ್ವಿಚ್ಚು.

ಈ ಹವ್ಯಾಸಕ್ಕೆ ಇಳಿಯುವವರು ನನ್ನನ್ನು ಕೇಳಿದರೆ, ಎಷ್ಟು ಇಂಜಿನ್ ಓಡಿಸಬಹುದು ಎಂಬುದಕ್ಕಿಂತ ಮೊದಲು ಯಾರು ಓಡಿಸುತ್ತಾರೆ ಎಂದು ನೋಡಿ ಎನ್ನುತ್ತೇನೆ. ಮಗನಿಗೆ ಈಗಲೂ ಫೋನೇ ಇಷ್ಟ, ಆತ ಅದರಲ್ಲೇ ಓಡಿಸುತ್ತಾನೆ. ಒಂದೇ ಹಳಿ, ಇಬ್ಬರು ಡ್ರೈವರ್, ಎರಡು ನಂಬರು. ವಿಜಯಪುರದ ಧೂಳಿಗೆ ವಾರಕ್ಕೊಮ್ಮೆ ಹಳಿ ಒರೆಸುವ ಕೆಲಸ ಮಾತ್ರ ನನ್ನದು!

ಮೊನ್ನೆ ಚಹಾ ತೆಗೆದುಕೊಂಡು ಮೇಲೆ ಹೋದೆ. ಅಪ್ಪ ಕಣ್ಣು ಮುಚ್ಚಿ ಕುಳಿತು, ಗಾಲಿಯ ಸಪ್ಪಳ ಕೇಳುತ್ತ ನಾಬನ್ನು ಸೊನ್ನೆಗೆ ತಂದರು. ಗಾಡಿ ಬೋರ್ಡಿನ ಮುಂದೆಯೇ ನಿಂತಿತು.

"ಬಬಲೇಶ್ವರ ಬಂತು ನೋಡವಾ" ಎಂದರು. "ನಿನ್ನ ಸಾಲಿ. ಇಳಿ."