ಕಡ್ಡಿಯ ಖಾತ್ರಿ, ಬೀಜದ ಜೂಜು

ಹೂಗಿಡ ಬೇಕೆನ್ನುವವರು ನಮ್ಮಲ್ಲಿ ಬೀಜ ಕೇಳುವುದು ಕಡಿಮೆ. 'ಒಂದು ಕಡ್ಡಿ ಕೊಡ್ರೀ' ಎನ್ನುತ್ತಾರೆ. ದಾಸವಾಳ, ನಂದಿಬಟ್ಟಲು, ಕಣಗಿಲೆ, ದುಂಡುಮಲ್ಲಿಗೆ ಹಿತ್ತಿಲಿಂದ ಹಿತ್ತಿಲಿಗೆ ದಾಟಿದ್ದು ಹೀಗೆಯೇ. ಇದನ್ನು ಸೋಮಾರಿತನ ಎನ್ನಲಾಗದು. ಬಲಿತ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಬೇರಿಲ್ಲದ ಕಡ್ಡಿಯ ನೀರನ್ನು ಎಲೆಗಳು ಆರಿಸದಂತೆ ಅವುಗಳಲ್ಲಿ ಹೆಚ್ಚಿನವನ್ನು ಕಿತ್ತು, ಮುಂಗಾರಿನ ತೇವದಲ್ಲಿ ನೆಡುವುದಕ್ಕೆ ತಿಳಿವಳಿಕೆ ಬೇಕು. ಹಾಗೆ ಚಿಗುರಿದ್ದು ತಾಯಿಗಿಡದ ಮಗುವಲ್ಲ, ಅದರ ಮೈಯದೇ ಮುಂದುವರಿಕೆ. ಮೆಚ್ಚಿದ ಬಣ್ಣ, ಎಸಳು, ಪರಿಮಳ ಹಾಗೆಯೇ ಉಳಿಯುತ್ತವೆ. ಆದರೆ ಈ ಖಾತ್ರಿಗೂ ಒಂದು ಬೆಲೆಯಿದೆ. ಅದಕ್ಕೇ ಹಿತ್ತಿಲಿನ ಒಂದು ಮೂಲೆಯನ್ನಾದರೂ ಬೀಜಕ್ಕೆ ಬಿಡಬೇಕು ಎನ್ನುತ್ತೇನೆ.

ಆ ಬೆಲೆ ಏನೆಂಬುದನ್ನು ಕನಕಾಂಬರ ತೋರಿಸುತ್ತದೆ. ಹಳೆಯ ನಾಟಿ ಕನಕಾಂಬರದ ಒಣಗಿದ ಕಾಯಿಗೆ ನೀರು ತಗುಲಿದರೆ ಸಾಕು, ಸಿಡಿದು ಬೀಜ ಚೆಲ್ಲುತ್ತದೆ. ಡೆಲ್ಲಿ ಕನಕಾಂಬರದ ಕಥೆಯೇ ಬೇರೆ. ಅದರ ಜೀವಕೋಶದಲ್ಲಿ ವರ್ಣತಂತುಗಳ ಕಟ್ಟು ಮೂರು. ಜೋಡಿಯಾಗಿ ಸಮನಾಗಿ ಪಾಲಾಗಲಾರವು, ಹಾಗಾಗಿ ಬೀಜವಿಲ್ಲ. ಹೊಲ ತುಂಬುವುದು ಕಡ್ಡಿಯಿಂದಲೇ. ಹೂ ಒಂದೇ ಸಮ ಅರಳುವಂತೆ ದೌರ್ಬಲ್ಯವೂ ಒಂದೇ ಸಮ: ಬೇರಿನ ಜಂತುಹುಳು, ಸೊರಗು ರೋಗ ಒಂದು ಗಿಡವನ್ನು ಗೆದ್ದರೆ ಪಕ್ಕದ್ದಕ್ಕೆ ಬೇರೆ ಗುರಾಣಿಯಿಲ್ಲ.

ಆರೋಗ್ಯವಾದ ಕಡ್ಡಿಯನ್ನೇ ಆರಿಸಿದರಾಯಿತಲ್ಲ ಎನ್ನಬಹುದು. ಕಡ್ಡಿಯೊಂದಿಗೆ ಬರುವ ರೋಗಕ್ಕೆ ಆ ಮಾತು ಸರಿ, ಮಣ್ಣಲ್ಲೇ ಕಾದು ಕೂತದ್ದಕ್ಕಲ್ಲ. ಬೀಜವಿಲ್ಲದೆಯೂ ಹೊಸತು ಹುಟ್ಟುತ್ತದೆ ಎಂಬುದೂ ನಿಜ. ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಬಣ್ಣ ತೋರುವ 'ಮೇರಿ ಪಾಮರ್' ಬೋಗನ್‌ವಿಲ್ಲಾ ಟೊಂಗೆಯೊಂದರಲ್ಲಿ ತಾನಾಗಿ ಆದ ಮಾರ್ಪಾಡು. ಆದರೆ ಅಂಥ ಮಾರ್ಪಾಡು ಅಪರೂಪ, ಬದಲಿಸುವುದೂ ಒಂದೆರಡು ಗುಣವನ್ನಷ್ಟೇ. ಬೀಜವಾದರೋ ತಂದೆತಾಯಿಯರ ಗುಣಗಳನ್ನೆಲ್ಲ ಕಲಸಿ ಹೊಸದಾಗಿ ಹಂಚುತ್ತದೆ. ಬೀಜದ ಗಿಡ ತಡ, ಹೆಚ್ಚಿನವು ಸಾಧಾರಣ ಎಂಬ ದೂರನ್ನು ಮಾತ್ರ ಒಪ್ಪಲೇಬೇಕು. ದುಂಡುಮಲ್ಲಿಗೆಯಂಥವು ಬೀಜ ಕಟ್ಟುವುದೇ ವಿರಳವಾದ್ದರಿಂದ ಅವಕ್ಕೆ ಕಡ್ಡಿಯೇ ಗತಿ. ರತ್ನಗಂಧಿ, ಗೋರಂಟಿ, ನಾಟಿ ಕನಕಾಂಬರಕ್ಕೆ ಆ ಕಷ್ಟವಿಲ್ಲ. ರತ್ನಗಂಧಿಯ ಗಟ್ಟಿ ಸಿಪ್ಪೆಯನ್ನು ತುಸು ಉಜ್ಜಿ ನೆನೆಹಾಕಿದರೆ ಮೊಳಕೆ ಬರುತ್ತದೆ. ಹತ್ತು ಸಸಿಯಲ್ಲಿ ಒಂಬತ್ತು ಸಾಧಾರಣವಾದರೂ ನಷ್ಟವೇನಿಲ್ಲ. ಮೆಚ್ಚುಗೆಯಾದ ಒಂದನ್ನು ಬೇರೂರುವ ಜಾತಿಯಾದರೆ ಕಡ್ಡಿಯಿಂದ ಉಳಿಸಿಕೊಳ್ಳಬಹುದು. ಬೀಜ ಹುಡುಕಿಕೊಟ್ಟದ್ದನ್ನು ಕಾಯುವುದು ಕಡ್ಡಿಯ ಕೆಲಸ. ಹುಡುಕಾಟವನ್ನೇ ನಿಲ್ಲಿಸಿದರೆ ಕಾಯಲು ಹೊಸತೇನೂ ಸಿಗದು.