ಹೊಲಿಗೆ ಬೇಡವೆಂದ ಗಾಯ

2019ರ ಚಳಿಗಾಲದ ಒಂದು ಮುಂಜಾನೆ, ನಾನು ಮುಖ ಒರೆಸಿಕೊಂಡ ಬೈರಾಸಿನಲ್ಲಿ ರಕ್ತದ ಚುಕ್ಕೆಯನ್ನು ಮೊದಲು ಕಂಡವಳು ನನ್ನ ಪತ್ನಿ. ಎಡಗಣ್ಣಿನ ಒಳಮೂಲೆಗೂ ಮೂಗಿಗೂ ನಡುವೆ ಇದ್ದ ಕಪ್ಪು ಗುಳ್ಳೆಯೊಂದನ್ನು ಎರಡು ವರ್ಷಗಳಿಂದ ನಾನು ಮಚ್ಚೆಯೆಂದೇ ಭಾವಿಸಿದ್ದೆ. ಪರೀಕ್ಷೆಯಲ್ಲಿ ಅದು ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ಈ ಬಗೆಯದು ದೇಹದ ಬೇರೆ ಅಂಗಗಳಿಗೆ ಹರಡುವುದು ಅತಿ ವಿರಳ. ಆದರೆ ಇದ್ದ ಸ್ಥಳದಲ್ಲಿಯೇ ಆಳಕ್ಕೂ ಅಗಲಕ್ಕೂ ಕೊರೆಯುತ್ತ ಹೋಗುತ್ತದೆ. ನಮ್ಮ ಮೈಬಣ್ಣದವರಲ್ಲಿ ಅನೇಕ ವೇಳೆ ಕಪ್ಪಾಗಿಯೇ ಇರುವುದರಿಂದ ಮಚ್ಚೆಯೆಂಬ ಭ್ರಮೆ ಸಹಜ.

ವೈದ್ಯರು ಅದನ್ನು ಕತ್ತರಿಸಿ ತೆಗೆದರು. ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಂಡರು. ಉಳಿದದ್ದು ಹುಣಸೆಬೀಜದಷ್ಟು ಅಗಲದ ಕುಳಿ. ಪಕ್ಕದ ಚರ್ಮವನ್ನು ಸರಿಸಿ ಹೊಲಿಯಬಹುದು, ಬೇರೆಡೆಯಿಂದ ಚರ್ಮ ತೆಗೆದು ಕಸಿ ಮಾಡಬಹುದು, ಇಲ್ಲವೇ ತಾನಾಗಿ ಮಾಯಲು ಬಿಡಬಹುದು ಎಂದರು. ನಾನು ಒಡನೆಯೇ, “ಬಿಟ್ಟುಬಿಡಿ. ಈ ವಯಸ್ಸಿನಲ್ಲಿ ಮುಖದ ಅಂದಕ್ಕಾಗಿ ಇಷ್ಟೆಲ್ಲ ಏಕೆ?” ಎಂದೆ. ಅದು ದೇಹದ ಮೇಲಿನ ನಿರ್ಮೋಹವೋ ಕತ್ತಿಯ ಭಯವೋ ಎಂದು ಈಗ ನನಗೇ ಸಂದೇಹ. ವೈದ್ಯರು ನಕ್ಕು, “ಮಾಸ್ಟ್ರೇ, ನಿಮ್ಮ ತತ್ತ್ವಕ್ಕಾಗಿ ಅಲ್ಲ, ಗಾಯ ಇರುವ ಜಾಗ ನೋಡಿ ಒಪ್ಪುತ್ತೇನೆ” ಎಂದರು. ಒಪ್ಪಿಗೆಯಷ್ಟೇ ನನ್ನ ಕಿವಿಗೆ ಬಿತ್ತು, ಕಾರಣ ಬೀಳಲಿಲ್ಲ.

ಆ ಕಾರಣವನ್ನು ಓದಿ ತಿಳಿದದ್ದು ಆಮೇಲೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ ಎಂಬ ವೈದ್ಯರು 1930ರ ದಶಕದಲ್ಲಿ, ಜಿಂಕ್ ಕ್ಲೋರೈಡಿನ ಲೇಪ ಹಚ್ಚಿ, ರೋಗವನ್ನು ಪದರ ಪದರವಾಗಿ ತೆಗೆದು ಪರೀಕ್ಷಿಸುವ ವಿಧಾನವನ್ನು ರೂಪಿಸಿದರು. ಆ ಲೇಪ ತಗುಲಿದ ಗಾಯವನ್ನು ಕೂಡಲೇ ಹೊಲಿಯುವಂತಿರಲಿಲ್ಲ, ತೆರೆದೇ ಬಿಡಬೇಕಾಗುತ್ತಿತ್ತು. ಹಾಗೆ ಬಿಟ್ಟ ಗಾಯಗಳು ಅನೇಕ ಸಲ ಚೆನ್ನಾಗಿಯೇ ಮಾಯುವುದು ಕಂಡುಬಂತು. 1983ರಲ್ಲಿ ಜಾನ್ ಝಿಟೆಲಿ ಎಂಬವರು ಇದನ್ನು ಮುಖದ ಭಾಗಗಳಿಗೆ ಅನುಸಾರವಾಗಿ ವಿಂಗಡಿಸಿ ಬರೆದರು. ಕಣ್ಣಿನ ಒಳಮೂಲೆ, ಕಿವಿಯ ಗುಳಿ, ಕಪೋಲದ ಮೇಲಿನ ಕಣತಲೆ, ಮೂಗಿನ ಪಕ್ಕದ ಮಡಿಕೆ, ಇಂತಹ ತಗ್ಗಿನ ಜಾಗಗಳಲ್ಲಿ ಕಲೆ ಹೆಚ್ಚಾಗಿ ಎದ್ದು ಕಾಣದಂತೆ ಗಾಯ ತುಂಬಿಕೊಳ್ಳುತ್ತದೆ. ಮೂಗಿನ ತುದಿ, ಕೆನ್ನೆ, ತುಟಿಯಂತಹ ಉಬ್ಬಿನಲ್ಲಿ ಹಾಗಲ್ಲ. ಗಾಯ ಮಾಯುವುದೆಂದರೆ ತಳದಿಂದ ಹೊಸ ಮಾಂಸ ಮೇಲೇರುವುದು, ಅಂಚಿನಿಂದ ಚರ್ಮ ಹರಡುವುದು ಮಾತ್ರವಲ್ಲ. ಗಾಯ ಸುತ್ತಲಿನದನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಸಮೀಪದಲ್ಲಿ ರೆಪ್ಪೆಯಾಗಲಿ ತುಟಿಯಾಗಲಿ ಇದ್ದರೆ ಅದನ್ನೂ ಎಳೆಯುತ್ತದೆ.

ನನ್ನ ಗಾಯ ತುಂಬಲು ಆರು ವಾರ ಹಿಡಿಯಿತು. ಪ್ರತಿದಿನ ತೊಳೆದು, ವ್ಯಾಸಲಿನ್ ಸವರಿ, ಅಂಟದ ಪಟ್ಟಿ ಕಟ್ಟಬೇಕು. ಗಾಯ ಒಣಗಬೇಕೆಂಬುದು ನಮ್ಮ ಹಿರಿಯರ ಮಾತು; ತೇವವಿದ್ದರೆ ಚರ್ಮ ಬೇಗ ಹರಡುತ್ತದೆಂಬುದನ್ನು 1962ರಲ್ಲಿ ಜಾರ್ಜ್ ವಿಂಟರ್ ತೋರಿಸಿಕೊಟ್ಟರು. ತೋರಿಸಿದ್ದು ಹಂದಿಗಳ ಮೈಮೇಲೆ ಗಾಯ ಮಾಡಿ. ಅದನ್ನು ಓದಿದ ದಿನ ಪಟ್ಟಿ ಬಿಚ್ಚುವಾಗ ಮನಸ್ಸು ಮುದುಡಿತು. ಹೊಲಿಗೆಯ ದಾರ ಪ್ರಾಣಿಯ ಕರುಳಿನದೇ ಎಂದು ವೈದ್ಯರನ್ನು ಕೆದಕಿ ಕೇಳಿದ್ದವನು ನಾನು. ನಿರಾಡಂಬರವೆಂದು ನಂಬಿದ್ದ ಈ ದಾರಿಯ ಕೆಳಗೂ ಮೂಕಜೀವಿಯ ನೋವು ಇತ್ತು. ಇನ್ನೊಂದು ಮಾತು. ಕಣ್ಣಿನ ಪಕ್ಕದ ಗಾಯಕ್ಕೆ ನಾನೇ ಪಟ್ಟಿ ಕಟ್ಟಿಕೊಳ್ಳಲಾರದೆ, ಆರು ವಾರವೂ ಕಟ್ಟಿದವಳು ಪತ್ನಿ. ತವರಿನ ಮದುವೆಯೊಂದಕ್ಕೂ ಅವಳು ಹೋಗಲಿಲ್ಲ. “ತಾನಾಗಿ ಮಾಯಿತು” ಎಂದು ಬಂದವರೆದುರು ನಾನು ಹೇಳಿಕೊಳ್ಳುತ್ತಿದ್ದಾಗ ಅವಳು ಸುಮ್ಮನೆ ಪಾನಕ ತಂದಿಡುತ್ತಿದ್ದಳು.

ಆ ಹೇಳಿಕೆಯನ್ನು ನಂಬಿದವರು ನಮ್ಮ ಬಸದಿಯ ಹಿರಿಯ ಸ್ನೇಹಿತರೊಬ್ಬರು. 2022ರಲ್ಲಿ ಅವರಿಗೂ ಅದೇ ರೋಗ ಬಂತು, ಕೆಳರೆಪ್ಪೆಯ ತುಸು ಕೆಳಗೆ, ಕೆನ್ನೆಯ ಮೇಲೆ. ಹೊಲಿಯುವುದೇ ಲೇಸೆಂದು ವೈದ್ಯರು ಹೇಳಿದ್ದರು. ಅವರು ನನ್ನನ್ನು ಕೇಳಲು ಬಂದರು. ನಾನು ನನ್ನ ಮುಖ ತೋರಿಸಿದೆ. ಸಾಲದೆಂದು ವಡ್ಡಾರಾಧನೆಯ ಸನತ್ಕುಮಾರನ ಕಥೆಯನ್ನೂ ಹೇಳಿದೆ: ರೂಪದ ಗರ್ವ ಮುರಿದು ಮುನಿಯಾದವನು, ವೈದ್ಯವೇಷದ ದೇವತೆಯ ಚಿಕಿತ್ಸೆಯನ್ನೂ ಬಯಸದವನು. ಅವರು ಹೋಗಿ ಹೊಲಿಗೆ ಬೇಡವೆಂದು ಪಟ್ಟುಹಿಡಿದರು.

ಎರಡನೆಯ ತಿಂಗಳಲ್ಲಿ ರೆಪ್ಪೆ ಕೆಳಕ್ಕೆ ಜಗ್ಗತೊಡಗಿತು. ಒಳಗಿನ ಕೆಂಪು ಹೊರಗೆ ಕಾಣುತ್ತಿತ್ತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಹಗಲಿರುಳು ನೀರು. ಸನತ್ಕುಮಾರ ಮುನಿ ಚಿಕಿತ್ಸೆಯನ್ನು ತೊರೆದದ್ದು ತನ್ನ ದೇಹಕ್ಕೆ. ನಾನು ತೊರೆದದ್ದು ಇನ್ನೊಬ್ಬರ ಕಣ್ಣಿಗೆ. ಕಡೆಗೆ ಕಲೆಯನ್ನು ಬಿಡಿಸಿ, ಕಿವಿಯ ಹಿಂದಿನ ಚರ್ಮ ತಂದು ಕಸಿ ಮಾಡಬೇಕಾಯಿತು. ಮೊದಲೇ ಮಾಡಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತೋ ಏನೋ. ಆಸ್ಪತ್ರೆಗೆ ಅವರೊಡನೆ ನಾನು ಹೋದೆ. ಪಟ್ಟಿ ಕಟ್ಟುವುದನ್ನು ಪತ್ನಿಯಿಂದ ಕಲಿತು, ಹದಿನೈದು ದಿನ ಕಟ್ಟಿದೆ.

ಕಸಿಯ ಚರ್ಮದ ಬಣ್ಣ ಸ್ವಲ್ಪ ಬೇರೆ, ಅಷ್ಟೇ. ಅವರು ಒಮ್ಮೆಯೂ ನನ್ನನ್ನು ಆಕ್ಷೇಪಿಸಲಿಲ್ಲ. ಆ ತಿಂಗಳುಗಳಲ್ಲಿ ಅಭಿಷೇಕದ ವೇಳೆ ಅವರು ಕಣ್ಣೊರೆಸಿಕೊಳ್ಳುವುದನ್ನು ಕಂಡವರು ಭಕ್ತಿಯ ಕಣ್ಣೀರೆಂದು ತಿಳಿದಿದ್ದರಂತೆ. “ಈಗ ನೀರು ನಿಂತಿದೆ ಮಾಸ್ಟ್ರೇ, ಭಕ್ತಿ ಕಮ್ಮಿಯಾಯಿತೆಂದು ಆಡಿಕೊಳ್ಳುತ್ತಾರೋ ಏನೋ” ಎಂದು ಕಳೆದ ಭಾನುವಾರವೂ ನಕ್ಕರು.