ಸುಣ್ಣಕಲ್ಲಿನ ನಾಡಿನಲ್ಲಿ ಟರ್ಬೊ ಉಸ್ತಾದನ ಹುಡುಕಾಟ

ವಾಡಿ ಜಂಕ್ಷನ್ನಿನಲ್ಲಿ ಮುಂಬೈ-ಚೆನ್ನೈ ಹಳಿಯನ್ನು ಬಿಟ್ಟು ಸಿಕಂದರಾಬಾದ್ ಕಡೆಗೆ ಹೊರಳುವ ರೈಲು ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಒಂದರ ಹಿಂದೊಂದು ಬರುತ್ತವೆ. ನಿಜಾಮರ ಆಳ್ವಿಕೆಯಲ್ಲಿ, 1874ರಲ್ಲಿ ತೆರೆದ ಹಾದಿ ಇದು. ಕಿಟಕಿಯಾಚೆ ತೊಗರಿ ಹೊಲ, ಹೊಲದ ಅಂಚಿಗೆ ಕಲ್ಲಿನ ಖಣಿ, ಅದರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ವಾಡಿಯ ಎಸಿಸಿ, ರಾಜಶ್ರೀ ಎಂಬ ಹೆಸರಿನಿಂದ ಆರಂಭವಾದ ಮಳಖೇಡದ ಕಾರ್ಖಾನೆ, ಸೇಡಂನ ವಾಸವದತ್ತ ಎಲ್ಲವೂ ನಿಂತಿರುವುದು ನೆಲದಡಿಯ ಸುಣ್ಣಕಲ್ಲಿನ ಮೇಲೆ. ಶಹಾಬಾದಿನ ಹಾಸುಗಲ್ಲನ್ನು ತುಳಿಯದ ಉತ್ತರ ಕರ್ನಾಟಕದವರು ಸಿಗುವುದು ಕಷ್ಟ.

ಈ ಕಲ್ಲು, ಸಿಮೆಂಟು, ತೊಗರಿ ಚೀಲ ಎಲ್ಲವನ್ನೂ ಹೊರುವುದು ಲಾರಿ ಮತ್ತು ಟಿಪ್ಪರ್. ಆದ್ದರಿಂದ ಸ್ಪೋರ್ಟ್ಸ್ ಕಾರು ಅಪರೂಪವಾದ ಈ ಊರುಗಳಲ್ಲೂ ಟರ್ಬೊ ಎಂಬ ಮಾತು ಹೊಸದಲ್ಲ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತ ಕುಳಿತರೆ ಹತ್ತು ನಿಮಿಷದಲ್ಲಿ ನಾಲ್ಕು ಸಲವಾದರೂ ಆ ಮಾತು ಕಿವಿಗೆ ಬೀಳುತ್ತದೆ.

ಟರ್ಬೊ ಎಂದರೇನು? ಎಂಜಿನ್ನಿನಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಸುಡಬಹುದು, ಬಲ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಹಡಗು, ರೈಲು, ಲಾರಿಗಳಲ್ಲಿ ನೆಲೆಯೂರಿದ ಈ ಸಾಧನ 1970ರ ದಶಕದಲ್ಲಿ ಬಿಎಂಡಬ್ಲ್ಯು, ಪೋರ್ಶೆ, ಸಾಬ್ ಕಂಪನಿಗಳ ಕಾರುಗಳಿಂದ ಯುವಕರ ಕನಸಿಗೂ ಇಳಿಯಿತು. ಇಂದು ನಮ್ಮಲ್ಲಿ ಸಾಧಾರಣ ಪೆಟ್ರೋಲ್ ಕಾರಿಗೂ ಟರ್ಬೊ ಇದೆ.

ತೊಡಕು ಶುರುವಾಗುವುದು ಇಲ್ಲಿಂದಲೇ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿ ಹಿಡಿದ ಮಗ ಹಳೆಯದೊಂದು ಟರ್ಬೊ ಕಾರು ಕೊಳ್ಳುತ್ತಾನೆ. ದೊಡ್ಡ ಟರ್ಬೊ, ಅಗಲ ಸೈಲೆನ್ಸರ್, ಹೊಸ ಫಿಲ್ಟರ್ ಹಾಕಿಸುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಬೋನೆಟ್ಟಿನೊಳಗಿಂದ ಕಟಕಟ ಸದ್ದು. ಈಗ ಯಾರ ಬಳಿ ಹೋಗಬೇಕು?

ಇಲ್ಲಿಯ ಗ್ಯಾರೇಜುಗಳಲ್ಲಿ ಹಿರಿಯ ಮಿಸ್ತ್ರಿಯನ್ನು ಉಸ್ತಾದ ಎನ್ನುತ್ತಾರೆ. ಹಳೆಯ ಡೀಸೆಲ್ ಲಾರಿಯ ಮಟ್ಟಿಗೆ ಅವರ ವಿದ್ಯೆ ದೊಡ್ಡದು. ಬೆಂಗಳೂರಿನ ಮೈಕೊ ಕಂಪನಿ (2008ರಿಂದ ಬಾಷ್ ಲಿಮಿಟೆಡ್) ತಯಾರಿಸಿದ ಇಂಧನ ಪಂಪನ್ನು ಬಿಚ್ಚಿ, ಟೆಸ್ಟ್ ಬೆಂಚಿನ ಮೇಲೆ ಕೂಡಿಸಿ, ಗೆರೆ ಎಳೆದ ಗಾಜಿನ ನಳಿಗೆಗಳಲ್ಲಿ ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಬೀಳುತ್ತದೆಂದು ಅಳೆದು ಸಮ ಮಾಡುವುದು ತಾಳ್ಮೆಯ ಕೆಲಸ. ಕರಿ ಹೊಗೆ ಬಂದರೆ ಗಾಳಿಗೆ ಮೀರಿ ಡೀಸೆಲ್ ಹೋಗುತ್ತಿದೆ, ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದು ದೂರದಿಂದಲೇ ಹೇಳಬಲ್ಲವರಿದ್ದಾರೆ. ‘ಪಿಕಪ್ ಸಾಲವಲ್ದು, ಪಂಪ್ ಸ್ವಲ್ಪ ಏರಿಸ್ರಿ’ ಎಂದು ಡ್ರೈವರ್ ಕೇಳಿದಾಗ ಸ್ಕ್ರೂ ತಿರುಗಿಸದೆ, ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡುವವನೇ ಒಳ್ಳೆಯ ಉಸ್ತಾದ. ಸುಣ್ಣಕಲ್ಲಿನ ಧೂಳು ಹಾರುವ ಈ ಸೀಮೆಯಲ್ಲಿ ಅರ್ಧ ಕಾಯಿಲೆ ಫಿಲ್ಟರಿನಲ್ಲೇ ಸಿಗುತ್ತದೆ.

ಆದರೆ ಸ್ಕ್ರೂಗಳ ಕಾಲ ಸರಿಯುತ್ತಿದೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 ನಿಯಮ ಬಂದಿದೆ. ಇಂಧನ ಯಾವಾಗ, ಎಷ್ಟು ಎಂಬುದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಮಾರ್ಪಡಿಸಿದ ಟರ್ಬೊ ಕಾರನ್ನು ಟ್ಯೂನ್ ಮಾಡುವುದೆಂದರೆ ಆ ಕಂಪ್ಯೂಟರಿನ ಲೆಕ್ಕವನ್ನು ಹೊಸ ಭಾಗಗಳಿಗೆ ಹೊಂದುವಂತೆ ತಿದ್ದುವುದು. ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಬಲ ಅಳೆಯುವ ಡೈನೊ ಯಂತ್ರವೂ ಬೇಕು. ಅದಕ್ಕಾಗಿ ಬೆಂಗಳೂರು, ಪುಣೆ, ಕೊಯಮತ್ತೂರಿನಂಥ ನಗರಗಳನ್ನೇ ಅರಸಬೇಕು. ಸೇಡಂನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಬಹಳ ಹತ್ತಿರ, ಮೊದಲು ಅಲ್ಲಿ ವಿಚಾರಿಸುವುದು ಜಾಣತನ.

ಅಷ್ಟು ದೂರ ಹೋಗಿ ಸಿಗುವವನು ನಿಜವಾದ ಗುಣವಂತನೇ ಎಂದು ತಿಳಿಯುವುದು ಹೇಗೆ?

ಮೊದಲು ಅವನು ಏನು ಕೇಳುತ್ತಾನೆ ನೋಡಿ. ‘ಎಷ್ಟು ಹಾರ್ಸ್‌ಪವರ್ ಬೇಕು?’ ಎಂದು ಶುರು ಮಾಡುವವನಿಗಿಂತ ‘ಗಾಡಿ ಎಲ್ಲಿ ಓಡುತ್ತದೆ, ಯಾವ ಪೆಟ್ರೋಲ್ ಹಾಕುತ್ತೀರಿ, ಎಂಜಿನ್ ಎಷ್ಟು ಓಡಿದೆ?’ ಎಂದು ಕೇಳುವವನನ್ನು ನಂಬಬಹುದು. ಮಹಾನಗರದ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲಿಗೆ ಹೊಂದಿಸಿದ ಎಂಜಿನ್, ಸಣ್ಣ ಊರಿನ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ ತೊಂದರೆ ಕೊಡಬಹುದು. ಒತ್ತಡ ಮತ್ತು ಬಿಸಿ ಮಿತಿಮೀರಿ ಇಂಧನ ತಾನಾಗಿಯೇ ಸಿಡಿದಾಗ ಬರುವುದೇ ಆ ಕಟಕಟ ಸದ್ದು. ಇಂಗ್ಲಿಷಿನಲ್ಲಿ ನಾಕಿಂಗ್ ಎನ್ನುತ್ತಾರೆ. ಅದು ಪಿಸ್ಟನ್ನನ್ನೇ ತೂತು ಮಾಡಬಲ್ಲುದು. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಕಲಬುರಗಿ ಸೀಮೆಯಲ್ಲಿ ಒಳಗೆಳೆಯುವ ಗಾಳಿಯೇ ಕಾದಿರುತ್ತದೆ. ತಂಪು ಬೆಳಗಿನಲ್ಲಿ ಬೆಂಗಳೂರಿನಲ್ಲಿ ಮಾಡಿದ ಲೆಕ್ಕದಲ್ಲಿ ಇದಕ್ಕೂ ಜಾಗ ಬಿಟ್ಟಿರಬೇಕು.

ಎರಡನೆಯದು, ಕೆಲಸಕ್ಕೆ ಮೊದಲು ಅವನು ಎಂಜಿನ್ನಿನ ಆರೋಗ್ಯ ನೋಡಬೇಕು. ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯಬೇಕು, ಗಾಳಿಯ ಕೊಳವೆಗಳಲ್ಲಿ ಸೋರಿಕೆ ಹುಡುಕಬೇಕು. ದಣಿದ ಎಂಜಿನ್ನಿಗೆ ‘ಇದು ಬೇಡ’ ಎಂದು ಹೇಳಿ ಕಳಿಸುವವನು ಸಿಕ್ಕರೆ ಅವನ ವಿಳಾಸ ಬರೆದಿಟ್ಟುಕೊಳ್ಳಿ.

ಮೂರನೆಯದು, ಗಾಳಿ-ಇಂಧನದ ಪ್ರಮಾಣವನ್ನು ಯಂತ್ರದಿಂದ ಅಳೆಯುತ್ತಾನೆಯೆ? ಒಂದು ಪಾಲು ಪೆಟ್ರೋಲ್ ಪೂರ್ತಿ ಸುಡಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಟರ್ಬೊ ಪೂರ್ಣ ಬಲದಲ್ಲಿದ್ದಾಗ ಎಂಜಿನ್ ತಂಪಾಗಿರಲೆಂದು ಇಂಧನವನ್ನು ಸ್ವಲ್ಪ ಹೆಚ್ಚೇ ಕೊಡುವುದು ರೂಢಿ. ಮೀಟರಿಲ್ಲದೆ ಬರೀ ಅಂದಾಜಿನಲ್ಲಿ ಇದನ್ನು ತಿದ್ದುವವನು ನಿಮ್ಮ ದುಡ್ಡಿನಲ್ಲಿ ಜೂಜಾಡುತ್ತಿದ್ದಾನೆ.

ನಾಲ್ಕನೆಯದು ಬರವಣಿಗೆ. ಟ್ಯೂನಿಂಗಿಗೆ ಮೊದಲು ಬಲ ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಏನೇನು ಬದಲಿಸಲಾಯಿತು ಎಂಬುದು ಕಾಗದದಲ್ಲಿ ಬರಬೇಕು. ಮೂಲ ಲೆಕ್ಕದ ಒಂದು ಪ್ರತಿಯನ್ನೂ ಕೇಳಿ ಪಡೆಯಿರಿ.

ದಾಖಲೆಯ ಮಾತು ಬಂದಾಗ ಚಿತ್ತಾಪುರದ ಪಕ್ಕದ ನಾಗಾವಿ ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿಯ ವಿದ್ಯಾರ್ಥಿಗಳು, ಗುರುಗಳ ಜೊತೆಗೆ ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರನ್ನೂ ಹೆಸರಿಸುತ್ತದೆ. ಕಲಿಸುವವರಷ್ಟೇ ಬರೆದಿಟ್ಟು ಕಾಯುವವರೂ ಮುಖ್ಯವೆಂದು ತಿಳಿದಿದ್ದ ನೆಲ ಇದು. ಇಂದಿನ ಅನೇಕ ಉಸ್ತಾದರ ವಿದ್ಯೆ ಮಾತ್ರ ಅವರ ಕಿವಿ ಮತ್ತು ಕೈಯಲ್ಲೇ ಉಳಿದಿದೆ. ಅವರು ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.

ತಂದೆ-ತಾಯಂದಿರು ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಂಪನಿಯ ವಾರಂಟಿ ಕೈತಪ್ಪಬಹುದು, ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಹೆಚ್ಚು ಬಲಕ್ಕೆ ತಕ್ಕ ಬ್ರೇಕು ಮತ್ತು ಟೈರು ಇಲ್ಲದಿದ್ದರೆ ಆಗುವ ಹಾನಿ ಹಣದ್ದಷ್ಟೇ ಅಲ್ಲ. ಹೊಸ ಬಲ ಪರೀಕ್ಷಿಸಲೆಂದು ಚಿಂಚೋಳಿಯ ಗುಡ್ಡದ ರಸ್ತೆಗೆ ಹೋಗುವುದಂತೂ ಬೇಡವೇ ಬೇಡ. 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಕಾಡು ಅದು. ಅಲ್ಲಿ ದನಕರು, ಮಕ್ಕಳು, ಕಾಡುಪ್ರಾಣಿಗಳು ರಸ್ತೆ ದಾಟುತ್ತವೆ. ವೇಗ ನೋಡಲೇಬೇಕೆಂದರೆ ಅದಕ್ಕೆಂದೇ ಕಟ್ಟಿದ ರೇಸ್ ಟ್ರ್ಯಾಕುಗಳು ಚೆನ್ನೈ, ಕೊಯಮತ್ತೂರಿನ ಬಳಿ ಇವೆ.

ಇಷ್ಟೆಲ್ಲ ಓದಿ ‘ನಾನೇ ಆ ಉಸ್ತಾದ ಆಗಬೇಕು’ ಎನಿಸಿದ ವಿದ್ಯಾರ್ಥಿಗೂ ಒಂದು ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್, ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗಳಿವೆ. ಮುಂದೆ ಓದುವವರಿಗೆ ಕಲಬುರಗಿಯಲ್ಲೇ 1958ರಲ್ಲಿ ಆರಂಭವಾದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. ಸಂವಿಧಾನದ 371 ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲಾತಿಯೂ ಉಂಟು. ಗಣಿತ, ಭೌತಶಾಸ್ತ್ರವನ್ನು ಕಡೆಗಣಿಸಬೇಡಿ. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುವುದೇಕೆ, ಬಿಸಿ ಗಾಳಿಯಲ್ಲಿ ಬಲ ಕುಗ್ಗುವುದೇಕೆ ಎಂಬುದಕ್ಕೆಲ್ಲ ಉತ್ತರ ಪಾಠದ ಪುಸ್ತಕದಲ್ಲೇ ಇದೆ.

ಮನೆಯಲ್ಲಿ ‘ಓದಿದ ಮಗ ಗ್ಯಾರೇಜಿನಾಗ ಕೈ ಕರಿ ಮಾಡ್ಕೋಬೇಕೇನು?’ ಎಂಬ ಪ್ರಶ್ನೆ ಏಳುವುದು ಸಹಜ. ಸಾಲ ಮಾಡಿ ಟಿಪ್ಪರ್ ಕೊಂಡವನ ಕಂತು, ಅವನ ಮನೆಯ ಒಲೆ ಎರಡೂ ನಿಂತಿರುವುದು ಆ ಕರಿ ಕೈಗಳ ಮೇಲೆ ಎಂಬುದನ್ನು ಸೇಡಂ ರಸ್ತೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾಲೇಜಿಗೆ ರಜೆ ಬಿದ್ದಾಗ ಹುಡುಗ ಒಂದು ತಿಂಗಳು ಒಳ್ಳೆಯ ಉಸ್ತಾದನ ಬಳಿ ಕೂಡಲಿ, ಒಂದು ನೋಟ್‌ಬುಕ್ಕನ್ನೂ ಒಯ್ಯಲಿ. ಯಾವ ಗಾಡಿ, ಯಾವ ಸದ್ದು, ಏನು ಬಿಚ್ಚಿದರು, ಏನು ಸಿಕ್ಕಿತು ಎಂದು ದಿನವೂ ಬರೆಯಲಿ. ಲ್ಯಾಪ್‌ಟಾಪ್ ತಿಳಿದ ಈ ಹುಡುಗ, ಕಿವಿ ಪಳಗಿದ ಆ ಹಿರಿಯ ಒಂದೇ ಗ್ಯಾರೇಜಿನಲ್ಲಿ ಕುಳಿತರೆ ಟರ್ಬೊ ಗಾಡಿಗಾಗಿ ಸೇಡಂನಿಂದ ಹೈದರಾಬಾದಿಗೆ ಹೋಗುವವರ ಸಂಖ್ಯೆ ಕಡಿಮೆಯಾದೀತು.